ಲಿಯಾನ್‌ನಲ್ಲಿ ಹೊತ್ತು ನೋಡಿ ಉಣ್ಣಬೇಕು

ಫ್ರಾನ್ಸಿನ ಲಿಯಾನ್‌ಗೆ ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಅಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?’ ಹತ್ತು ಹೋಟೆಲುಗಳ ಹೆಸರು ಬರೆದುಕೊಡುವುದು ಕಷ್ಟವಲ್ಲ. ಆದರೆ ಆ ಚೀಟಿ ಹಿಡಿದು ಹೋದವರು ಮಧ್ಯಾಹ್ನ ಎರಡೂಕಾಲಿಗೆ ಬಾಗಿಲು ತಟ್ಟುತ್ತಾರೆ. ಒಲೆ ಆರಿತು ಅನ್ನುತ್ತಾರೆ ಒಳಗಿನವರು. ಹಸಿದ ಹೊಟ್ಟೆಯಲ್ಲಿ ಹಳೇ ಊರಿನ ಪ್ರವಾಸಿ ಬೀದಿಗೆ ಬಂದು, ಬೇರೆಲ್ಲೋ ತಯಾರಾಗಿ ಇಲ್ಲಿ ಬಿಸಿಯಾದದ್ದನ್ನು ತಿಂದು, ‘ಇಷ್ಟೇನಾ ಲಿಯಾನ್?’ ಅಂದುಕೊಳ್ಳುತ್ತಾರೆ. ಈ ಊರಿನಲ್ಲಿ ಎಲ್ಲಿ ಎಂಬುದಕ್ಕಿಂತ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಾಲದಲ್ಲಿ ಎಂಬುದೇ ಮುಖ್ಯ. ಅದು ಗೊತ್ತಾದ ಮೇಲೆ ಜಾಗ ತಾನಾಗಿ ಸಿಗುತ್ತದೆ.

ಮೊದಲು ಗಡಿಯಾರದ ವಿಷಯ. ಮಧ್ಯಾಹ್ನದ ಊಟ ಹನ್ನೆರಡಕ್ಕೆ ಶುರು. ಒಂದೂವರೆಯ ಮೇಲೆ ಹೊಸಬರನ್ನು ಕೂರಿಸಿಕೊಳ್ಳುವ ಅಡುಗೆಮನೆಗಳು ಕಡಿಮೆ. ರಾತ್ರಿ ಏಳೂವರೆಗೆ ತೆರೆದು, ಒಂಬತ್ತೂವರೆ ಹೊತ್ತಿಗೆ ಕೊನೆಯ ಆರ್ಡರ್. ನಡುವೆ ಐದು ಗಂಟೆ ಒಲೆ ಹಚ್ಚುವುದಿಲ್ಲ, ಯಾಕೆಂದರೆ ಅಡುಗೆಯವರು ಒಂದಿಬ್ಬರೇ, ಬೆಳಿಗ್ಗೆ ಬಂದವರೇ ರಾತ್ರಿಗೂ ನಿಲ್ಲಬೇಕು. ದಿನಗಳಲ್ಲಿ ಎಚ್ಚರ ವಹಿಸಬೇಕಾದವು ಭಾನುವಾರ ರಾತ್ರಿ ಮತ್ತು ಸೋಮವಾರ. ಹಳೆಯ ಕೆಲವು ಜಾಗಗಳು ಶನಿವಾರ, ಭಾನುವಾರ ಎರಡೂ ದಿನ ಮುಚ್ಚುತ್ತವೆ. ಅವು ಹುಟ್ಟಿದ್ದೇ ಕೆಲಸದ ದಿನ ದುಡಿಯುವವರಿಗೆ ಊಟ ಹಾಕಲು. ಆಗಸ್ಟ್‌ನಲ್ಲಿ ಎರಡು ಮೂರು ವಾರ ಬಾಗಿಲು ಹಾಕಿ ರಜೆಗೆ ಹೋಗುವುದೂ ವಾಡಿಕೆ. ಡಿಸೆಂಬರ್ 8ರ ಆಸುಪಾಸಿನ ದೀಪಗಳ ಹಬ್ಬದ ನಾಲ್ಕು ದಿನ ಊರು ಕಿಕ್ಕಿರಿದಿರುತ್ತದೆ. ಆ ದಿನಗಳಲ್ಲಿ ಊಟಕ್ಕೆಂದೇ ಹೋಗಬೇಡಿ. ದೀಪ ನೋಡಲು ಹೋಗುವುದಾದರೆ ಮೇಜನ್ನು ವಾರಗಟ್ಟಲೆ ಮುಂಚೆ ಕಾಯ್ದಿರಿಸಿ.

ಊಟಕ್ಕೆ ಅತ್ಯುತ್ತಮ ಹೊತ್ತು ಮಂಗಳವಾರದಿಂದ ಶುಕ್ರವಾರದೊಳಗಿನ ಯಾವುದಾದರೂ ಮಧ್ಯಾಹ್ನ, ಹನ್ನೆರಡೂಕಾಲಿಗೆ. ಆಗ ‘ಫಾರ್ಮ್ಯೂಲ್’ ಇರುತ್ತದೆ. ಅಂದರೆ ಮೊದಲ ತಟ್ಟೆ ಮತ್ತು ಮುಖ್ಯ ತಟ್ಟೆ, ಇಲ್ಲವೇ ಮುಖ್ಯ ತಟ್ಟೆ ಮತ್ತು ಸಿಹಿ, ಒಂದೇ ಬೆಲೆಗೆ. ಇದು ರಾತ್ರಿಯ ಪೂರ್ತಿ ‘ಮೆನು’ಗಿಂತ ಅಗ್ಗ. ಇನ್ನೊಂದು ಮಾತು ನೆನಪಿರಲಿ. ಅಲ್ಲಿ ‘ಆಂತ್ರೆ’ ಎಂದರೆ ಮೊದಲು ಬರುವ ಸಣ್ಣ ತಟ್ಟೆ, ‘ಪ್ಲಾ’ ಎಂದರೆ ಮುಖ್ಯ ಊಟ. ಅಮೆರಿಕದಲ್ಲಿ ಆಂತ್ರೆಯನ್ನು ಮುಖ್ಯ ಊಟಕ್ಕೆ ಹೇಳುವುದರಿಂದ ಅಲ್ಲಿಂದ ಬರುವ ನಮ್ಮವರು ಇಲ್ಲಿ ಎಡವುತ್ತಾರೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ‘ಪ್ಲಾ ದ್ಯು ಜೂರ್’, ಅಂದರೆ ಆ ದಿನದ ಅಡುಗೆ, ಕಣ್ಣುಮುಚ್ಚಿ ನಂಬಬಹುದಾದದ್ದು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಏನು ಚೆನ್ನಾಗಿತ್ತೋ ಅದೇ ಅಲ್ಲಿರುತ್ತದೆ. ಬೆಲೆಯಲ್ಲೇ ಸೇವಾ ಶುಲ್ಕ ಸೇರಿರುತ್ತದೆ, ಟಿಪ್ಸ್ ಕಡ್ಡಾಯವಿಲ್ಲ. ನೀರು ಬೇಕಾದರೆ ‘ಕರಾಫ್ ದೋ’ ಎಂದು ಕೇಳಿ. ಊಟದ ಜೊತೆಗೆ ಹೂಜಿಯಲ್ಲಿ ಕೊಡುವ ಆ ನೀರಿಗೆ ದುಡ್ಡಿಲ್ಲ, ಅದನ್ನು ಕೊಡಲೇಬೇಕೆಂಬುದು ಅಲ್ಲಿನ ನಿಯಮ. ಬರೇ ‘ವಾಟರ್’ ಎಂದರೆ ಸೀಲು ಮಾಡಿದ ಬಾಟಲಿ ಬರುತ್ತದೆ, ಬಿಲ್ಲಿನಲ್ಲಿ ಅದೂ ಸೇರುತ್ತದೆ.

ಇನ್ನು ಬುಶೋಂ. ಲಿಯಾನ್‌ನ ಹಳೆಯ ಊಟದ ಮನೆಗಳಿಗೆ ಇರುವ ಹೆಸರು ಇದು. ಫ್ರೆಂಚ್‌ನಲ್ಲಿ ಬಾಟಲಿಯ ಬಿರಡೆಗೂ ಇದೇ ಪದ, ಆದರೆ ಈ ಹೆಸರು ಬಂದದ್ದು ಹಿಂದೆ ಪಾನಗೃಹಗಳ ಬಾಗಿಲಿಗೆ ಗುರುತಾಗಿ ಕಟ್ಟುತ್ತಿದ್ದ ಹುಲ್ಲು ಅಥವಾ ಕೊಂಬೆಗಳ ಕಟ್ಟಿನಿಂದ ಎನ್ನುವುದು ಹೆಚ್ಚು ಒಪ್ಪಿತವಾದ ವಿವರಣೆ. ಇಕ್ಕಟ್ಟಾದ ಕೋಣೆ, ಒತ್ತೊತ್ತಾಗಿ ಮೇಜು, ಚೌಕುಳಿ ಬಟ್ಟೆ, ಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ. ತೊಂದರೆ ಏನೆಂದರೆ, ‘ಬುಶೋಂ’ ಎಂದು ಬೋರ್ಡು ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕೇ 1997ರಲ್ಲಿ ಒಂದು ಸಂಘ ಹುಟ್ಟಿಕೊಂಡು ನಿಜವಾದವುಗಳಿಗೆ ಗುರುತಿನ ಫಲಕ ಕೊಡತೊಡಗಿತು. ಊರಿನ ಗೊಂಬೆಯಾಟದ ಕೈಗೊಂಬೆ ನ್ಯಾಫ್ರೋಂ ಕೈಯಲ್ಲಿ ವೈನ್ ಲೋಟ ಹಿಡಿದಿರುವ ಚಿತ್ರ ಅದರ ಮೇಲಿದೆ. 2012ರಲ್ಲಿ ‘ಲೇ ಬುಶೋಂ ಲಿಯೊನೆ’ ಎಂಬ ಇನ್ನೊಂದು ಮುದ್ರೆ ಬಂತು. ಮುದ್ರೆ ಪಡೆದವು ಊರಿಗೆಲ್ಲ ಸುಮಾರು ಇಪ್ಪತ್ತು ಮಾತ್ರ. ಮುದ್ರೆ ಇಲ್ಲದೆಯೂ ಚೆನ್ನಾಗಿ ಮಾಡುವವರಿದ್ದಾರೆ, ಆದರೆ ಗೊತ್ತಿಲ್ಲದವರಿಗೆ ಆ ಫಲಕವೇ ಆಸರೆ. ಸ್ಯಾಂ ಜಾಂ ಬೀದಿ, ಮೆರ್ಸಿಯೆರ್ ಬೀದಿಗಳಲ್ಲಿ ಐದು ಭಾಷೆಯ ಫೋಟೋ ಮೆನು ಹಿಡಿದು ಹೊರಗೆ ನಿಂತು ಕರೆಯುವವರಿದ್ದರೆ ಮುಂದೆ ನಡೆಯಿರಿ. ಮಧ್ಯಾಹ್ನ ಒಂದಕ್ಕೆ ತುಂಬಿದ ಕೋಣೆಗೆ ಕರೆಯುವವರು ಬೇಕಾಗುವುದಿಲ್ಲ.

ಹೆಸರು ಬೇಕೆನ್ನುವವರಿಗೆ ಮೂರು. ಮೇಜರ್ ಮಾರ್ತಾಂ ಬೀದಿಯ ಕಫೆ ದೇ ಫೆದೆರಾಸ್ಯೋಂ, ಐನೇ ಭಾಗದ ಗಿನ್ಮೇರ್ ಬೀದಿಯಲ್ಲಿರುವ ಕಫೆ ಕೋಂಪ್ತ್ವಾರ್ ಅಬೆಲ್, ಮತ್ತು ಕ್ರೆಕಿ ಬೀದಿಯ ದಾನಿಯೆಲ್ ಎ ದೆನೀಸ್. ಮೊದಲನೆಯದು ಹಳೆಯ ಬುಶೋಂ ಹೇಗಿರುತ್ತಿತ್ತು ಎಂದು ನೋಡಲು. ಎರಡನೆಯದು ಕೆನೆಲ್‌ಗೆ, ಅಂದರೆ ಮೀನಿನ ಮೆತ್ತನೆಯ ಉಂಡೆಗೆ. ಮೂರನೆಯದರ ಬಾಣಸಿಗ ಜೋಸೆಫ್ ವಿಯೊಲಾ 2009ರಲ್ಲಿ ಪಾತೆ ಕ್ರೂತ್‌ನ, ಅಂದರೆ ಹಿಟ್ಟಿನ ಕವಚದೊಳಗೆ ಬೇಯಿಸಿದ ಮಾಂಸದ, ವಿಶ್ವ ಸ್ಪರ್ಧೆ ಗೆದ್ದವರು. ಅಲ್ಲಿ ಅದನ್ನೇ ತಿನ್ನಬೇಕು.

ಕೆನೆಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಒಂದು ಅಡುಗೆಮನೆಯ ಪ್ರಾಮಾಣಿಕತೆ ತಿಳಿಯಲು ಇದಕ್ಕಿಂತ ಒಳ್ಳೆಯ ತಟ್ಟೆ ಇನ್ನೊಂದಿಲ್ಲ. ಲಿಯಾನ್‌ನ ಈಶಾನ್ಯಕ್ಕೆ ದೋಂಬ್ ಎಂಬ ಕೆರೆಗಳ ಸೀಮೆ ಇದೆ. ಅಲ್ಲಿನ ಕೆರೆಗಳಲ್ಲಿ ಬ್ರೊಶೆ ಎಂಬ ಸಿಹಿನೀರಿನ ಮೀನು. ರುಚಿ ಒಳ್ಳೆಯದು, ಆದರೆ ಮೈತುಂಬ ಕವಲು ಮುಳ್ಳು. ತುಂಡು ಮಾಡಿ ತಿನ್ನಲು ಹೋದರೆ ಗಂಟಲಿಗೆ ಅಪಾಯ. ಹಾಗಾಗಿ ಮಾಂಸವನ್ನು ಅರೆದು ಜರಡಿ ಹಿಡಿದು ಮುಳ್ಳು ಬೇರ್ಪಡಿಸಿ, ಹಾಲು, ಬೆಣ್ಣೆ, ಹಿಟ್ಟು ಸೇರಿಸಿ ಕಾಯಿಸಿದ ಗಟ್ಟಿ ಮುದ್ದೆಗೆ ಬೆರೆಸಿ, ಮೊಟ್ಟೆ ಹಾಕಿ ನಾದಿ, ಉದ್ದುದ್ದ ಉಂಡೆ ಮಾಡಿ, ಕುದಿಬಾರದ ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಆಮೇಲೆ ಸಾಸ್ ಸುರಿದು ಓವನ್ನಿಗೆ. ನಾಂತ್ವಾ ಸಾಸ್ ಎಂದರೆ ಸಿಹಿನೀರಿನ ಸಿಗಡಿಯಂಥ ಎಕ್ರೆವಿಸ್‌ನ ಚಿಪ್ಪಿನಿಂದ ತೆಗೆದ ಬೆಣ್ಣೆ ಮತ್ತು ಕೆನೆ ಹಾಕಿ ಮಾಡುವ ಕಿತ್ತಳೆ ಬಣ್ಣದ ಸಾಸ್.

ಸರಿಯಾದ ಕೆನೆಲ್ ಓವನ್ನಿನಲ್ಲಿ ಹೆಚ್ಚೂಕಡಿಮೆ ಎರಡು ಪಟ್ಟು ಉಬ್ಬುತ್ತದೆ. ಅದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಕು. ಆರ್ಡರ್ ಮಾಡಿದ ಐದು ನಿಮಿಷಕ್ಕೆ ಬಂದರೆ ಅದು ಮೊದಲೇ ಬೆಂದು ಮತ್ತೆ ಬಿಸಿಯಾದದ್ದು. ಚಮಚ ಒತ್ತಿದರೆ ರಬ್ಬರಿನಂತೆ ಹಿಂದಕ್ಕೆ ಪುಟಿದರೆ ಹಿಟ್ಟು ಜಾಸ್ತಿ, ಮೀನು ಕಡಿಮೆ. ಮೊಟ್ಟೆಯ ಗಾಳಿಯಿಂದ ಉಬ್ಬಿದ್ದು ತಣಿದ ಕೂಡಲೇ ಕುಸಿಯುತ್ತದೆ. ಆದ್ದರಿಂದ ತಟ್ಟೆ ಬಂದಾಗ ಫೋಟೋ ತೆಗೆಯುತ್ತ ಕೂತರೆ ತಿನ್ನಬೇಕಾದ ಗಳಿಗೆ ಕೈತಪ್ಪುತ್ತದೆ. ತುಂಡನ್ನು ಸಾಸಿನಲ್ಲಿ ಅದ್ದಿ, ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿನ್ನಿ. ಬುಶೋಂನಲ್ಲಿ ಅದನ್ನು ಯಾರೂ ಅಸಭ್ಯವೆನ್ನುವುದಿಲ್ಲ.

ಲಿಯಾನ್ ಅಡುಗೆಯ ನಿಜವಾದ ಬೇರು ಇರುವುದು ಅಗ್ಗದ ಮಾಂಸದಲ್ಲಿ. ಒಳ್ಳೆಯ ತುಂಡು ಸಾಹುಕಾರರ ಮನೆಗೆ ಹೋಗುತ್ತಿತ್ತು, ಹೊಟ್ಟೆ, ಕರುಳು, ಕಾಲು, ಮೂತಿ ದುಡಿಯುವವರ ಪಾಲಿಗೆ ಬರುತ್ತಿತ್ತು. ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪು ತಿಂದು ಬೆಳೆದ ಹಳೇ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿನ ಬೋಟಿಯ ಹೆಸರಾಂತ ರೂಪ ‘ತಾಬ್ಲಿಯೆ ದ ಸಾಪೂರ್’. ಸೈನ್ಯಕ್ಕೆ ಕಂದಕ ತೋಡಿ ದಾರಿ ಮಾಡಿಕೊಡುವ ಸಾಪರುಗಳು ಕಟ್ಟುತ್ತಿದ್ದ ಚರ್ಮದ ಏಪ್ರನ್ ಎಂದು ಅರ್ಥ. ದನದ ಹೊಟ್ಟೆಯ ಭಾಗವನ್ನು ಗಂಟೆಗಟ್ಟಲೆ ಬೇಯಿಸಿ, ಬಿಳಿ ವೈನ್‌ನಲ್ಲಿ ನೆನೆಹಾಕಿ, ಮೊಟ್ಟೆ ಮತ್ತು ಬ್ರೆಡ್ ಪುಡಿ ಹಚ್ಚಿ ಕರಿಯುತ್ತಾರೆ. ಜೊತೆಗೆ ಬೆಂದ ಮೊಟ್ಟೆ, ಕೇಪರ್ಸ್, ಉಪ್ಪಿನಕಾಯಿ ಸೌತೆ ಹಾಕಿದ ಹುಳಿ ಹುಳಿ ಗ್ರಿಬಿಶ್ ಸಾಸ್. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇರಬೇಕು. ಅಗಿದಷ್ಟೂ ಮುಗಿಯದಿದ್ದರೆ ಮೊದಲ ಬೇಯುವಿಕೆ ಸಾಲಲಿಲ್ಲ ಎಂದರ್ಥ.

ಆಂದುಯೆತ್ ಇನ್ನೊಂದು ಮೆಟ್ಟಿಲು ಮೇಲೆ. ಕರುಳಿನ ಸಾಸೇಜು, ವಾಸನೆ ಜೋರು. ಲಿಯಾನ್ ಶೈಲಿಯದನ್ನು ಕರುವಿನ ಕರುಳಪೊರೆಯಿಂದ ಮಾಡುತ್ತಾರೆ. ಹಂದಿಯಿಂದ ಮಾಡುವ ತ್ರ್ವಾ ಊರಿನದಕ್ಕಿಂತ ಇದು ಮೆದು. ಹುಚ್ಚು ಹಸು ರೋಗದ ಭೀತಿಯಿಂದ ಈ ಭಾಗ ವರ್ಷಗಟ್ಟಲೆ ನಿಷೇಧವಾಗಿದ್ದು, 2015ರಲ್ಲಷ್ಟೇ ಮತ್ತೆ ಅಂಗಡಿಗೆ ಬಂತು. ಸಾಸಿವೆ ಸಾಸಿನ ಜೊತೆ ಕೊಡುತ್ತಾರೆ. ಮೊದಲ ಸಲ ಹೋದವರು ಪೂರ್ತಿ ತಟ್ಟೆ ಹೇಳದೆ, ಜೊತೆಯವರೊಂದಿಗೆ ಹಂಚಿಕೊಳ್ಳುವುದು ಒಳ್ಳೆಯದು.

ದನದ ಮಾಂಸ ತಿನ್ನದವರು ಇಲ್ಲಿ ಕಣ್ಣು ತೆರೆದಿರಬೇಕು. ‘ಗ್ರಾ ದೂಬ್ಲ್’ ದನದ ಹೊಟ್ಟೆ. ‘ವೋ’ ಎಂದು ಕಂಡಲ್ಲೆಲ್ಲ ಕರು. ‘ಬಫ್’ ಎಂದರೆ ದನವೇ. ‘ಲಾರ್ದೋಂ’ ಎಂದರೆ ಹಂದಿಕೊಬ್ಬಿನ ತುಣುಕು, ಲಿಯಾನ್ ಸಲಾಡಿನಲ್ಲಿ ಅದಿಲ್ಲದೆ ಇಲ್ಲ. ಇವರಿಗೆ ಸುರಕ್ಷಿತ ದಾರಿ ಕೋಳಿ. ವಿನೆಗರ್ ಹಾಕಿ ಮಾಡಿದ ಕೋಳಿ, ಕೆನೆಯಲ್ಲಿ ಬೇಯಿಸಿದ ಕೋಳಿ, ಟೊಮೇಟೊ ಸಾಸಿನ ಮೇಲೆ ಬರುವ ಕೋಳಿ ಈಲಿಯ ‘ಗಾತೊ’, ಇವು ಮೂರೂ ಬುಶೋಂನ ಹಳೆಯ ತಟ್ಟೆಗಳೇ. ಆದರೂ ಈಲಿಯ ಗಾತೊಗೆ ಬೇರೆ ಮಾಂಸ ಸೇರಿಸಿದ್ದೀರಾ ಎಂದು ಕೇಳಿಯೇ ಹೇಳಿ. ಮೆನುವಿನಲ್ಲಿ ‘ಬ್ರೆಸ್’ ಕೋಳಿ ಎಂದು ಬರೆದಿದ್ದರೆ ಬೆಲೆ ಏರುತ್ತದೆ, ಅದಕ್ಕೆ ಕಾರಣವೂ ಇದೆ. ಬಿಳಿ ಗರಿ, ಕೆಂಪು ಜುಟ್ಟು, ನೀಲಿ ಕಾಲಿನ ಆ ತಳಿಗೆ ಒಂದೊಂದು ಹಕ್ಕಿಗೂ ಕನಿಷ್ಠ 10 ಚದರ ಮೀಟರ್ ಹುಲ್ಲುಗಾವಲು ಬಿಡಬೇಕೆಂಬ ಕಟ್ಟಳೆ ಇದೆ. ಬೆಳೆಯಲು ತಿಂಗಳುಗಟ್ಟಲೆ ಬೇಕು, ಮೆಕ್ಕೆಜೋಳ ಮತ್ತು ಹಾಲಿನ ಉತ್ಪನ್ನ ತಿನ್ನಿಸುತ್ತಾರೆ. ಬ್ರೆಸ್ ಎಂದು ಬರೆದು ಬೆಲೆ ಮಾಮೂಲಿ ಕೋಳಿಯಷ್ಟೇ ಇದ್ದರೆ ಅನುಮಾನಪಡಿ.

ಸಸ್ಯಾಹಾರಿಗಳಿಗೆ ಬುಶೋಂ ಸುಲಭದ ಜಾಗವಲ್ಲ, ಆದರೆ ಬಾಗಿಲು ಮುಚ್ಚಿಯೂ ಇಲ್ಲ. ಮೇಜು ಕಾಯ್ದಿರಿಸುವಾಗಲೇ ಹೇಳಬೇಕು. ಬರೇ ‘ವೆಜೆತಾರಿಯಾಂ’ ಎಂದರೆ ಮೀನು ತಿನ್ನುತ್ತಾರೆ ಎಂದುಕೊಳ್ಳುವವರಿದ್ದಾರೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ’, ಮಾಂಸ, ಮೀನು, ಹಂದಿಕೊಬ್ಬು ಮೂರೂ ಬೇಡ ಎಂದು ಬಿಡಿಸಿ ಹೇಳಿ. ಮೋಸಹೋಗುವ ತಟ್ಟೆಗಳೂ ಕೆಲವಿವೆ. ಈರುಳ್ಳಿ ಸೂಪಿನ ತಳದಲ್ಲಿ ಸಾಮಾನ್ಯವಾಗಿ ಮಾಂಸದ ಸಾರು. ಚಳಿಗಾಲದಲ್ಲಿ ಬರುವ ಕಾರ್ದೋಂ ಎಂಬ ದಂಟುತರಕಾರಿಯ ಗ್ರಾತಾಂ, ಅಂದರೆ ಓವನ್ನಿನಲ್ಲಿ ಮೇಲ್ಪದರ ಕೆಂಪಗಾಗಿಸಿದ್ದು, ನೋಡಲು ಶುದ್ಧ ಸಸ್ಯಾಹಾರ, ಆದರೆ ಸಂಪ್ರದಾಯದ ಪ್ರಕಾರ ಅದರಲ್ಲಿ ಮೂಳೆಯ ಮಜ್ಜೆ ಇರುತ್ತದೆ. ಮೀನಿಲ್ಲದ ‘ಕೆನೆಲ್ ನಾತ್ಯೂರ್’ ಸಿಗುತ್ತದೆ, ಮೊಟ್ಟೆ ಇರುತ್ತದೆ, ಮೇಲಿನ ಸಾಸ್ ಯಾವುದೆಂದು ವಿಚಾರಿಸಬೇಕು. ಚೀಸಿನ ವಿಷಯದಲ್ಲಿ ಕಟ್ಟುನಿಟ್ಟಾದವರು ತಿಳಿದಿರಬೇಕಾದದ್ದು, ಫ್ರಾನ್ಸಿನ ಸಾಂಪ್ರದಾಯಿಕ ಚೀಸುಗಳಲ್ಲಿ ಬಹುಪಾಲಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಮೊಟ್ಟೆ ಮತ್ತು ಚೀಸು ಆಗುವವರಿಗೆ ದೊಡ್ಡ ಆಸರೆ ‘ರವಿಯೋಲ್ ದ್ಯು ದೊಫಿನೆ’. ಚೀಸು ಮತ್ತು ಪಾರ್ಸ್ಲಿ ತುಂಬಿದ ಉಗುರಗಲದ ಹಿಟ್ಟಿನ ದಿಂಬುಗಳು, ಒಂದಕ್ಕೊಂದು ಅಂಟಿದ ಹಾಳೆಯಂತೆ ಮಾರುತ್ತಾರೆ. ಬಿಸಿನೀರಿಗೆ ಹಾಕಿದರೆ ತಾವೇ ಬಿಡಿಬಿಡಿಯಾಗುತ್ತವೆ, ಒಂದು ನಿಮಿಷಕ್ಕೆ ಮೇಲೆ ತೇಲುತ್ತವೆ. ಆಗಲೇ ತೆಗೆಯಬೇಕು. ಇನ್ನೊಂದು ನಿಮಿಷ ಬಿಟ್ಟರೆ ಒಡೆದು ಗಂಜಿ.

ಸಸ್ಯಾಹಾರಿಗಳಿಗೂ ಮಾಂಸಾಹಾರಿಗಳಿಗೂ ಒಂದೇ ಸಮನೆ ಹಿಡಿಸುವುದು ‘ಸೆರ್ವೆಲ್ ದ ಕಾನ್ಯು’. ಹೆಸರಿನ ಅರ್ಥ ನೇಕಾರನ ಮಿದುಳು, ಆದರೆ ಒಳಗಿರುವುದು ಹಸಿ ಚೀಸು ಮತ್ತು ಸೊಪ್ಪು ಮಾತ್ರ. ಮನೆಯಲ್ಲೂ ಮಾಡಬಹುದು. ಫ್ರೊಮಾಜ್ ಬ್ಲಾಂ ಎಂಬ ಅಲ್ಲಿನ ಹಸಿ ಚೀಸು 500 ಗ್ರಾಂ, ಸಣ್ಣಗೆ ಹೆಚ್ಚಿದ ಎರಡು ಸಣ್ಣ ಈರುಳ್ಳಿ, ಅರ್ಧ ಎಸಳು ಬೆಳ್ಳುಳ್ಳಿ, ಒಂದೊಂದು ಹಿಡಿ ಚೈವ್ಸ್ ಮತ್ತು ಪಾರ್ಸ್ಲಿ, ಎರಡು ಚಮಚ ಎಣ್ಣೆ, ಒಂದು ಚಮಚ ವಿನೆಗರ್, ಉಪ್ಪು, ಕಾಳುಮೆಣಸಿನ ಪುಡಿ. ಬಿಳಿ ವೈನ್ ಕೆಲವರು ಹಾಕುತ್ತಾರೆ, ಬಿಟ್ಟರೂ ನಡೆಯುತ್ತದೆ. ಕಡೆಯಬಾರದು, ಫೋರ್ಕಿನಿಂದ ಹೊಡೆದು ಬೆರೆಸಬೇಕು. ಮಾಡಿದ ತಕ್ಷಣ ತಿಂದರೆ ಈರುಳ್ಳಿಯ ಖಾರ ಒಂದು ಕಡೆ, ಚೀಸು ಒಂದು ಕಡೆ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟರೆ ಹದ. ಬೆಂಗಳೂರಿನಲ್ಲಿ ಮಾಡುವವರು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು ಬಳಸಬಹುದು, ಆದರೆ ಆ ಹೊತ್ತಿಗೇ ಹೆಪ್ಪಾದ, ಹುಳಿಯಾಗದ ಮೊಸರೇ ಬೇಕು. ಹಿಂದಿನ ದಿನದ್ದಾದರೆ ವಿನೆಗರ್ ಬಿಟ್ಟುಬಿಡಿ.

ಈ ಕಾನ್ಯು ಎಂದರೆ ಲಿಯಾನ್‌ನ ರೇಷ್ಮೆ ನೇಕಾರರು. ಕ್ರ್ವಾ ರೂಸ್ ಗುಡ್ಡದ ಮೇಲೆ ಅವರ ಮನೆಗಳು ಇಂದಿಗೂ ಇವೆ. ಚಾವಣಿ ಸುಮಾರು ನಾಲ್ಕು ಮೀಟರ್ ಎತ್ತರ, ಯಾಕೆಂದರೆ ಒಳಗೆ ಜಕಾರ್ಡ್ ಮಗ್ಗ ನಿಲ್ಲಬೇಕಿತ್ತು. ದೊಡ್ಡಬಳ್ಳಾಪುರದ ನೇಕಾರರು ಇವತ್ತಿಗೂ ಜಕಾರ್ಡ್ ಎನ್ನುವ ಯಂತ್ರ 1804ರ ಹೊತ್ತಿಗೆ ಲಿಯಾನ್‌ನವರೇ ಆದ ಜೋಸೆಫ್ ಮರೀ ಜಕಾರ್ ರೂಪಿಸಿದ್ದು. ನಸುಕಿನಲ್ಲೇ ಮಗ್ಗಕ್ಕೆ ಕೂತವರಿಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಸಿವು. ಆಗ ಉಳಿದ ಮಾಂಸ, ಬಿಸಿ ಸಾಸೇಜು, ಬೋಟಿ, ಚೀಸು, ಜೊತೆಗೆ ವೈನ್. ಇದೇ ‘ಮಾಶೋಂ’. ಈಗಲೂ ಕೆಲವು ಬುಶೋಂಗಳು ಬೆಳಗಿನ ಈ ಊಟ ಹಾಕುತ್ತವೆ, ಹೆಚ್ಚಾಗಿ ಮುಂಚೆ ಹೇಳಿದವರಿಗೆ. ಕಾಫಿಗೆ ಒಗ್ಗಿದ ಹೊಟ್ಟೆಗೆ ಇದು ಸ್ವಲ್ಪ ಧೈರ್ಯದ ಕೆಲಸ. ಆದರೆ ಲಿಯಾನ್ ಊಟದ ತಾತ್ಪರ್ಯ ಇರುವುದು ಇಲ್ಲೇ, ರಾತ್ರಿಯ ದುಬಾರಿ ತಟ್ಟೆಯಲ್ಲಿ ಅಲ್ಲ. ಮಾಶೋಂ ಮಾಡಿದ ದಿನ ಮಧ್ಯಾಹ್ನದ ಊಟ ಕಾಯ್ದಿರಿಸಬೇಡಿ. ವೈನ್ ಕುಡಿಯುವವರಿಗೆ ಅದು ‘ಪೋ’ ಎಂಬ ದಪ್ಪ ತಳದ ಬಾಟಲಿಯಲ್ಲಿ ಬರುತ್ತದೆ, ಅಳತೆ 46 ಸೆಂಟಿಲೀಟರ್. ಇಬ್ಬರಿಗೆ ಒಂದು ಸಾಕು.

ಅದೇ ಗುಡ್ಡದ ಬುಲೆವಾರ್ಡಿನಲ್ಲಿ ಮಂಗಳವಾರದಿಂದ ಭಾನುವಾರದವರೆಗೆ ಬೆಳಗಿನ ಮಾರುಕಟ್ಟೆ. ಮೆಟ್ರೊ ಸಿ ಹಿಡಿದು ಕ್ರ್ವಾ ರೂಸ್‌ನಲ್ಲಿ ಇಳಿದರೆ ಎದುರಿಗೇ. ಕೆಳಗೆ ಸೋನ್ ನದಿಯ ದಂಡೆಯ ಸ್ಯಾಂತ್ ಆಂತ್ವಾನ್ ಮಾರುಕಟ್ಟೆಯೂ ಹಾಗೆಯೇ, ಸೋಮವಾರ ಇಲ್ಲ. ಒಂದು ಗಂಟೆಗೆ ಇವು ಮಡಚಿಕೊಳ್ಳುತ್ತವೆ. ಪಾರ್ ದಿಯೂ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, 102 ಕೂರ್ ಲಾಫಾಯೆತ್‌ನಲ್ಲಿ, ಊರಿನ ಹೆಸರಾಂತ ಬಾಣಸಿಗ ಪಾಲ್ ಬೊಕ್ಯೂಸ್ ಹೆಸರಿನ ಒಳಾಂಗಣ ಮಾರುಕಟ್ಟೆ ಇದೆ. ಇದು ದುಬಾರಿ. ತರಕಾರಿಗೆ ಇಲ್ಲಿಗೆ ಬರಬೇಡಿ, ಚೀಸಿಗೆ ಬನ್ನಿ. ಮೇರ್ ರಿಶಾರ್ ಅಂಗಡಿಯ ಸ್ಯಾಂ ಮಾರ್ಸೆಲಾಂ ಕೊಳ್ಳಿ. ಅಂಗೈಯಲ್ಲಿ ಹಿಡಿಯುವ ಸಣ್ಣ ಬಿಲ್ಲೆ. ಲಿಯಾನ್‌ನವರಿಗೆ ಅದು ಹರಿಯುವಷ್ಟು ಮಾಗಿರಬೇಕು. ‘ಇವತ್ತು ರಾತ್ರಿಗೆ’ ಎಂದೋ ‘ನಾಳಿದ್ದಿಗೆ’ ಎಂದೋ ಹೇಳಿದರೆ ಅಂಗಡಿಯವರು ಬೆರಳಿಂದ ಒತ್ತಿ ನೋಡಿ ತಕ್ಕದ್ದನ್ನು ಆರಿಸುತ್ತಾರೆ. ತಿನ್ನುವ ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ, ತಣ್ಣಗಿದ್ದರೆ ರುಚಿಯೇ ಏಳುವುದಿಲ್ಲ.

ಉಳಿದುಕೊಂಡ ಮನೆಯಲ್ಲಿ ಒಲೆ ಇದ್ದವರು ‘ಸೋಸಿಸೋಂ ಆ ಕ್ವೀರ್’, ಅಂದರೆ ಬೇಯಿಸಿ ತಿನ್ನುವ ಹಂದಿ ಸಾಸೇಜು, ಒಯ್ಯಬಹುದು. ತಣ್ಣೀರಿನಲ್ಲಿ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯವರೆಗೆ ಬೇಯಿಸಬೇಕು. ನೀರು ನಡುಗಬೇಕು, ಕುದಿಯಬಾರದು. ಕುದಿದರೆ ಚರ್ಮ ಬಿರಿದು ಕೊಬ್ಬೆಲ್ಲ ನೀರಿಗೆ. ಫೋರ್ಕಿನಿಂದ ಚುಚ್ಚಿ ನೋಡುವುದೂ ಅಷ್ಟೇ ತಪ್ಪು. ಅರ್ಧ ಬೆಂದಾಗ ಅದೇ ನೀರಿಗೆ ಆಲೂಗಡ್ಡೆ ಹಾಕಿ.

ಭಾನುವಾರ ರಾತ್ರಿ ಎಲ್ಲ ಮುಚ್ಚಿರುವಾಗ ಪೆರಾಶ್ ನಿಲ್ದಾಣದ ಹತ್ತಿರದ ಬ್ರಾಸರಿ ಜಾರ್ಜ್ ನೆನಪಿರಲಿ. 1836ರಿಂದ ಇರುವ ವಿಶಾಲ ಸಭಾಂಗಣ. ಹುಳಿ ಬರಿಸಿದ ಎಲೆಕೋಸಿನ ಶೂಕ್ರೂತ್ ಅಲ್ಲಿನ ಹೆಸರಾದ ತಟ್ಟೆ. ದುಡ್ಡು ಕೂಡಿಟ್ಟು ಒಂದೇ ಒಂದು ದೊಡ್ಡ ಊಟ ಮಾಡುವವರಿಗೆ ರ್ವಾಯಲ್ ಬೀದಿಯ 12ನೇ ನಂಬರಿನ ಲಾ ಮೇರ್ ಬ್ರಾಜಿಯೆ. ಮನೆಗೆಲಸದ ಅಡುಗೆಯವಳಾಗಿದ್ದ ಯೂಜೆನಿ ಬ್ರಾಜಿಯೆ 1921ರಲ್ಲಿ ಅದನ್ನು ತೆರೆದರು. 1933ರಲ್ಲಿ ಅಲ್ಲಿಗೂ, ಲ್ಯುಎರ್ ಬೆಟ್ಟದ ಮೇಲಿನ ತಮ್ಮ ಇನ್ನೊಂದು ಮನೆಗೂ ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ ಮೂರು ಮೂರು ನಕ್ಷತ್ರ ಪಡೆದರು. ಬೊಕ್ಯೂಸ್ ಎಳೆಯ ವಯಸ್ಸಿನಲ್ಲಿ ಕೆಲಸ ಕಲಿತದ್ದು ಇವರ ಕೈಕೆಳಗೆ. ಲಿಯಾನ್ ಅಡುಗೆಯ ಹೆಸರು ಗಂಡಸರ ಬಿಳಿ ಟೋಪಿಯದ್ದೆಂದು ತಿಳಿದವರು ಈ ಬಾಗಿಲ ಮುಂದೆ ಒಂದು ನಿಮಿಷ ನಿಲ್ಲಬೇಕು. ಊರಿಗೆ ಕೀರ್ತಿ ತಂದವರು ‘ಮೇರ್’ ಎಂದು, ತಾಯಿ ಎಂದು, ಕರೆಸಿಕೊಂಡ ಇಂಥ ಹೆಂಗಸರು.

ಸಿಹಿಗೆ ಗುಲಾಬಿ ಪ್ರಾಲೀನ್ ಟಾರ್ಟ್. ಕೆಂಪು ಸಕ್ಕರೆ ಹಚ್ಚಿದ ಬಾದಾಮಿಯನ್ನು ಜಜ್ಜಿ, ಅಷ್ಟೇ ತೂಕದ ಕೆನೆಯಲ್ಲಿ ಕುದಿಸಿ, ಮೊದಲೇ ಬೆಂದ ಹಿಟ್ಟಿನ ತಟ್ಟೆಗೆ ಸುರಿಯುತ್ತಾರೆ. ಪಾಕ ಏರಿದರೆ ಹಲ್ಲಿಗೆ ಅಂಟುತ್ತದೆ, ಇಳಿದರೆ ಕತ್ತರಿಸಿದಾಗ ಹರಿಯುತ್ತದೆ. ಕತ್ತರಿಸಿದ ಅಂಚು ನಿಧಾನವಾಗಿ ಬಾಗಬೇಕು, ಸೋರಬಾರದು. ಬಣ್ಣಕ್ಕೆ ಕೆಲವರು ಕೀಟದಿಂದ ತೆಗೆದ ಇ120 ಬಳಸುತ್ತಾರೆ. ಸಸ್ಯಾಹಾರಿಗಳು ಪೊಟ್ಟಣ ಓದಿ, ಬೀಟ್‌ರೂಟಿನ ಬಣ್ಣದ್ದೂ ಸಿಗುತ್ತದೆ. ಊರು ಬಿಡುವ ದಿನ ರೈಲಿಗೆ ಮುಂಚೆ ಹೊತ್ತಿದ್ದರೆ ಪ್ರಾಲ್ಯೂ ಅಂಗಡಿಯಿಂದ ಪ್ರಾಲೀನ್ ತುಂಬಿದ ‘ಪ್ರಾಲುಲೀನ್’ ಎಂಬ ಬ್ರಿಯೋಶ್, ಅಂದರೆ ಬೆಣ್ಣೆ ಬ್ರೆಡ್ಡು, ಒಂದು ಕೊಳ್ಳಿ. ಬಿಸಿಯಾಗಿದ್ದರೆ ಚೀಲದ ಬಾಯಿ ಕಟ್ಟಬೇಡಿ, ಹಬೆಗೆ ಮೇಲಿನ ಸಕ್ಕರೆ ಕರಗಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ.